ಮೊಲದ ಎಡಗಣ್ಣು

ಕಲಕಿದ ನೀರನ್ನು ತಿಳಿಯಾಗಿಸಲೆಂದು ದೇವರು ಕಾಡಿಗೆ ಚಿಲ್ಲದ ಬೀಜವನ್ನು ಕೊಟ್ಟಿದ್ದಾನೆ. ಒಂದು ದಿನ ತಾಯಿ ಆನೆ ಅದರ ಬಳಿ ಬಂದು ಅತ್ತಿತು: "ಕಣ್ಣೊಳಗೆ ಒತ್ತಡ ಏರಿ ಪಕ್ಕದ ನೋಟವೇ ಹೋಯಿತಪ್ಪಾ. ಬೆಳಿಗ್ಗೆ ಪಕ್ಕದಲ್ಲಿದ್ದ ಮಗಳನ್ನೇ ತುಳಿದುಬಿಡುತ್ತಿದ್ದೆ. ನಿನ್ನ ರಸ ಬಿಡು."

"ಮೊದಲು ಪರೀಕ್ಷೆ ಮಾಡೋಣ, ತಾಯಿ," ಎಂದಿತು ಬೀಜ.

"ದೇವರು ಕೊಟ್ಟ ಬೀಜಕ್ಕೆ ಪರೀಕ್ಷೆ ಯಾಕೆ?"

"ಕೊಟ್ಟವನು ಅವನೇ. ನೀರಿಗೆ ಕೊಟ್ಟದ್ದು ಕಣ್ಣಿಗೂ ಆಗುತ್ತದೆಂದು ಅವನು ಹೇಳಿಲ್ಲವಲ್ಲ! ಉಳಿದ ನೋಟವನ್ನೂ ಕಳೆದರೆ ಯಾವ ಮುಖ ಹೊತ್ತು ಅವನ ಮುಂದೆ ನಿಲ್ಲಲಿ?"

ಪಕ್ಕದಲ್ಲಿದ್ದ ಮುದಿ ಮೊಲ ನಕ್ಕಿತು. "ನನಗೂ ಅದೇ ಕಾಯಿಲೆ, ಅಕ್ಕಾ. ನನ್ನ ಎಡಗಣ್ಣಿಗೆ ಬಿಡಲಿ, ಬಲಗಣ್ಣು ಹಾಗೇ ಇರಲಿ, ಹೋಲಿಸಿ ನೋಡೋಣ. ಕುರುಡಾದರೆ ನಿನ್ನ ಬೆನ್ನೇರಿ ತಿರುಗುತ್ತೇನೆ, ಬಿಡು."

ತಿಂಗಳು ಕಳೆಯುವಷ್ಟರಲ್ಲಿ ಎಡಗಣ್ಣಿನ ಬಿಗಿ ಸಡಿಲವಾಯಿತು. ಬಲಗಣ್ಣು ಇನ್ನಷ್ಟು ಮಂಕಾಯಿತು. ಆಮೇಲಷ್ಟೇ ಬೀಜ ಮೊಲದ ಬಲಗಣ್ಣಿಗೂ ಆನೆಯ ಕಣ್ಣುಗಳಿಗೂ ರಸ ಬಿಟ್ಟು ಹೇಳಿತು: "ಉಳಿದ ನೋಟ ಉಳಿದೀತು, ತಾಯಿ. ಹೋದದ್ದು ಮಾತ್ರ ಬರುವುದಿಲ್ಲ."

ಆನೆಮರಿ ಅದನ್ನು ಕೇಳಿಸಿಕೊಂಡಿತು. ಅಂದಿನಿಂದ ಅದು ಅಮ್ಮನ ಪಕ್ಕ ಬಿಟ್ಟು ಮುಂದೆ ನಡೆಯತೊಡಗಿತು. ದೇವರ ದಯೆ ದೊಡ್ಡದು, ಅಮ್ಮನಿಗೆ ಮಗಳು ಕಾಣುತ್ತಿದ್ದಾಳೆ.