ಕಾಣದ್ದನ್ನು ಹೇಳಿದ ಕುಂಬಾರ

"ಮೇಡಂ, ನಾಲ್ಕು ವರ್ಷ ಹುಡುಕಿದೆ. ಕಪ್ಪು ದ್ರವ್ಯದ ಒಂದು ಸುಳಿವೂ ಸಿಗಲಿಲ್ಲ. ಪ್ರಬಂಧದಲ್ಲಿ ಏನೆಂದು ಬರೆಯಲಿ? ಅದು ಇಲ್ಲವೆಂದೋ, ನಾನು ಸೋತೆನೆಂದೋ?"

ಕೇಳಿದವಳು ಶರ್ವಾಣಿ. ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ, ಯಾವ ಬೆಳಕಿಗೂ ಕಾಣದ ಆ ದ್ರವ್ಯವನ್ನು ಹುಡುಕುತ್ತಿದ್ದಳು. ಮೂರು ವಾರದಿಂದ ಅವಳಿಗೆ ಅನ್ನ ರುಚಿಸಿರಲಿಲ್ಲ.

ಗುರು ಮುಕ್ತಾಂಬ ಎದುರಿನ ಕುರ್ಚಿ ತೋರಿಸಿದರು. ಕತೆ ಹೇಳಿದರು.

ಒಂದು ಗುಡ್ಡದೂರಿನಲ್ಲಿ ಒಬ್ಬ ಮುದುಕ ತನ್ನ ಮಗಳ ಜೊತೆ ಇದ್ದ. ಕಿವಿ ಕೇಳದು, ನೆನಪು ನಿಲ್ಲದು. ಒಂದು ಬೆಳಿಗ್ಗೆ ಮನೆಯಿಂದ ಹೋದವನು ಮರಳಲಿಲ್ಲ. ಕೂಗಿ ಕರೆದರೆ ಓಗೊಡುವವನಲ್ಲ. ಊರವರು ಸುತ್ತಲಿನ ಮೂರು ಹಳ್ಳಗಳನ್ನು ಹಂಚಿಕೊಂಡರು. ಮೂಡಲ ಹಳ್ಳ ಕುಂಬಾರನ ಪಾಲಿಗೆ ಬಂತು.

ಕುಂಬಾರ ಪೊದೆಪೊದೆಯನ್ನೂ ಬಗೆದು ನೋಡಿದ. ಮುದುಕ ಸಿಗಲಿಲ್ಲ. ಬರಿಗೈಯಲ್ಲಿ ಮರಳುವಾಗ ದಾರಿಯಲ್ಲಿ ಒಬ್ಬ ಗಾಣಿಗ ಸಿಕ್ಕ.

"ಏನೂ ಸಿಗಲಿಲ್ಲ ಅಂತ ಆ ಹೆಣ್ಣುಮಗಳ ಮುಂದೆ ಹೇಗೆ ಹೇಳ್ತೀಯ? ಹೆಜ್ಜೆ ಗುರುತು ಕಂಡೆ ಅನ್ನು. ಪಾಪ, ಜೀವ ಹಿಡಿದುಕೊಳ್ತಾಳೆ" ಎಂದ.

ಕುಂಬಾರನಿಗೂ ಹಾಗೆ ಹೇಳಿಬಿಡುವ ಆಸೆಯಾಯಿತು. ಆದರೆ ಮುದುಕನ ಮಗಳ ಮುಖ ನೋಡಿದಾಗ ಸುಳ್ಳು ನಾಲಿಗೆಗೆ ಬರಲಿಲ್ಲ.

"ತಾಯೀ, ಹಳ್ಳದಲ್ಲಿ ನಾನು ನೋಡಿದ ಕಡೆ ನಿಮ್ಮಪ್ಪ ಇಲ್ಲ. ಹೆಜ್ಜೆ ಗುರುತೂ ಕಾಣಲಿಲ್ಲ. ಕೊನೆಯಲ್ಲಿ ಒಂದು ಬಂಡೆಯ ಸಂದಿದೆ. ನನ್ನ ಮೈ ಅದರೊಳಗೆ ತೂರಲಿಲ್ಲ. ಅದರಾಚೆ ಏನಿದೆಯೋ ನಾನು ಹೇಳಲಾರೆ" ಎಂದ.

ಉಳಿದೆರಡು ಹಳ್ಳಗಳಿಗೆ ಹೋದವರೂ ಬಂದರು. ಅಲ್ಲಿ ನೋಡದ ಜಾಗ ಒಂದೂ ಉಳಿದಿರಲಿಲ್ಲ. ಮುದುಕನೂ ಇರಲಿಲ್ಲ.

 ಮಗಳು ಸೆರಗು ಬಿಗಿದು ಮೂಡಲಿಗೆ ಓಡಿದಳು. ಕುಂಬಾರನೂ ಅವಳ ಹಿಂದೆ ಓಡಿದ. ಅಪ್ಪನಂತೆಯೇ ಸಣಕಲು ಮೈಯವಳು, ಸಂದಿನಲ್ಲಿ ಅಡ್ಡವಾಗಿ ನುಸುಳಿದಳು. ಒಳಗೆ ಅಪ್ಪ ಕಾಲು ಉಳುಕಿಸಿಕೊಂಡು ಕಲ್ಲಿಗೆ ಒರಗಿ ಕೂತಿದ್ದ.

"ಊಟಕ್ಕೆ ಕರೆಯೋಕೆ ಇಷ್ಟು ಹೊತ್ತಾ ಮಗಳೇ?" ಎಂದು ಗದರಿದ.

ಹೊರಗೆ ಆ ದನಿ ಕೇಳಿದ ಕುಂಬಾರ ಸಂದಿಗೆ ಮುಖವಿಟ್ಟು ಇಣುಕಿದ. ನಕ್ಕನೋ ಅತ್ತನೋ, ಅವನಿಗೇ ತಿಳಿಯಲಿಲ್ಲ.

ಮುಕ್ತಾಂಬ ಕತೆ ನಿಲ್ಲಿಸಿದರು. ಶರ್ವಾಣಿ ಕೇಳಿದಳು: "ಹಾಗಾದರೆ ನಾನು ನೋಡದೆ ಉಳಿದ ಕಡೆ ಅದು ಇದ್ದೇ ಇರುತ್ತದೆಯೇ, ಮೇಡಂ?"

"ಅದು ನನಗೂ ಗೊತ್ತಿಲ್ಲ. ಆದರೆ ಹೇಳಮ್ಮ, ಅಪ್ಪನನ್ನು ಕಂಡವಳು ಮಗಳು, ದಾರಿ ತೋರಿಸಿದವನು ಯಾರು?"

ಶರ್ವಾಣಿ ಪ್ರಬಂಧದ ಹಾಳೆ ತೆರೆದು, ತಾನು ಎಲ್ಲೆಲ್ಲಿ ಹುಡುಕಿದೆ, ಎಲ್ಲಿಗೆ ತಲುಪಲಾಗಲಿಲ್ಲ ಎಂದು ಬರೆಯತೊಡಗಿದಳು. ಎಷ್ಟೋ ದಿನಗಳಿಂದ ಎದೆಯಲ್ಲಿ ಕಟ್ಟಿದ್ದ ಉಸಿರು ತಾನಾಗಿ ಸಡಿಲಗೊಂಡಿತು.