ಅರಮನೆಯಿಂದ ಹೊರಟ ದಿಬ್ಬಣ

"ಗುರುಗಳೇ, ನನ್ನ ಅಣ್ಣ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಅತ್ತಿಗೆ ಮತ್ತೆ ಮದುವೆಯಾಗುತ್ತೇನೆ ಎನ್ನುತ್ತಿದ್ದಾರೆ. ಹಾಗಾದರೆ ಅಣ್ಣನ ಮೇಲೆ ಅವರಿಗಿದ್ದ ಪ್ರೀತಿ ಸುಳ್ಳೇ?" ಎಂದು ಶಿಷ್ಯ ಭೋಗಣ್ಣ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಕುದುರೆಗಳಿಗೆ ಲಾಳ ಕಟ್ಟುವವನೊಬ್ಬನಿಗೆ ಹೊನ್ನಾಜಿ ಎಂಬ ಮಗಳಿದ್ದಳು. ಒಂದು ದಿನ ಆ ನಾಡಿನ ಕಿರಿಯ ರಾಜಕುಮಾರ ಕುಂಟುವ ಕುದುರೆಯನ್ನೇರಿ ಅವರ ಬಾಗಿಲಿಗೆ ಬಂದ. "ಮೊದಲು ಕೆಳಗಿಳಿಯಿರಿ, ಅದಕ್ಕೆ ನೋಯುತ್ತಿದೆ" ಎಂದಳು ಹೊನ್ನಾಜಿ. ಅವನಿಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ರಾಜಕುಮಾರ ಇಳಿದ, ನಕ್ಕ, ಆ ವರ್ಷವೇ ಅವಳನ್ನು ಮದುವೆಯಾದ.

ರಾಜಮಾತೆ ಕೆಲವು ತಿಂಗಳು ಈ ಸೊಸೆಯೊಡನೆ ಮಾತಾಡಲಿಲ್ಲ. ಆಮೇಲೆ ಸೊಸೆಯನ್ನು ಬಿಟ್ಟು ಊಟಕ್ಕೇ ಕೂರದಂತಾದಳು. ಆದರೆ ಒಂದು ಬೇಸಿಗೆಯಲ್ಲಿ ರಾಜಕುಮಾರ ಜ್ವರ ಬಂದು ತೀರಿಕೊಂಡ. ಅಷ್ಟರಲ್ಲಿ ಹೊನ್ನಾಜಿಗೆ ತವರಿನಲ್ಲೂ ಯಾರೂ ಉಳಿದಿರಲಿಲ್ಲ. ಅತ್ತೆಗೆ ಸೊಸೆ, ಸೊಸೆಗೆ ಅತ್ತೆ ಎಂಬಂತೆ ದಿನ ಕಳೆದರು.

ಮುಂದೆ ರಾಜಮಾತೆಗೆ ಕೀಲುನೋವು ಹಿಡಿಯಿತು. ಔಷಧಿ ಕೊಡಲು ಒಬ್ಬ ವೈದ್ಯ ಬರತೊಡಗಿದ. ಒಂದು ಬೆಳಿಗ್ಗೆ ಅಂಗಳದಲ್ಲಿ ಹೊನ್ನಾಜಿ ಗಟ್ಟಿಯಾಗಿ ನಕ್ಕಿದ್ದು ಒಳಗೆ ಕೇಳಿಸಿತು. ಮಗ ಹೋದ ಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ರಾಜಮಾತೆ ಸೊಸೆಯನ್ನು ಕರೆಸಿದಳು. ಹೊನ್ನಾಜಿ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಬಂದಳು.

"ಯಾಕೆ ನಕ್ಕೆ?"

"ತಪ್ಪಾಯಿತು, ಅತ್ತೆಯವರೇ. ಕಷಾಯದ ಬಟ್ಟಲು ಕಂಡ ಕೂಡಲೇ ನಿಮಗೆ ನಿದ್ದೆ ಬಂದುಬಿಡುತ್ತದೆ ಎಂದು ವೈದ್ಯರು ಹೇಳಿದರು."

ಮುದುಕಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, "ಅವನು ಒಳ್ಳೆಯವನು. ಮದುವೆಯಾಗುತ್ತೀಯಾ?" ಎಂದಳು.

ಹೊನ್ನಾಜಿ ತಲೆ ತಗ್ಗಿಸಿದಳು. "ಮನಸ್ಸಿದೆ. ಆದರೆ ನಿಮ್ಮ ಮಗನನ್ನು ಮರೆಯಲಾರೆ."

"ಮರೆ ಎಂದು ಯಾರು ಹೇಳಿದರು? ನೀನೂ ಮರೆತರೆ ಅವನ ವಿಷಯ ನಾನು ಯಾರ ಹತ್ತಿರ ಮಾತಾಡಲಿ?"

ಮಂತ್ರಿ ಒಪ್ಪಲಿಲ್ಲ. ಅರಮನೆಯ ಸೊಸೆ ಇನ್ನೊಂದು ಮನೆಗೆ ಸೊಸೆಯಾಗಿ ಹೋಗುವುದುಂಟೇ ಎಂದ. "ಸೊಸೆಯನ್ನು ಯಾರು ಕಳಿಸುತ್ತಿದ್ದಾರೆ? ನಾನು ಮಗಳನ್ನು ಕೊಡುತ್ತಿದ್ದೇನೆ" ಎಂದಳು ರಾಜಮಾತೆ.

ಗಂಡನಿಲ್ಲದವಳು ಧಾರೆ ಎರೆಯಬಹುದೇ ಎಂದು ಪುರೋಹಿತರು ಅನುಮಾನಿಸುತ್ತಿರುವಾಗಲೇ ಆಕೆ ಗಿಂಡಿ ಎತ್ತಿಕೊಂಡು ಧಾರೆ ಎರೆದಳು. ಊರಿಗೆಲ್ಲ ಹೋಳಿಗೆ ಊಟ. ದಿಬ್ಬಣ ಮುಂಬಾಗಿಲಿನಿಂದಲೇ ವಾದ್ಯದೊಡನೆ ಹೊರಟಿತು. ಹೊನ್ನಾಜಿ ಅಳುತ್ತಲೂ ನಗುತ್ತಲೂ ಹೋದಳು. ಗೌರಿಹಬ್ಬಕ್ಕೆ ಅವಳಿಗೆ ಬಾಗಿನ ಬಂದದ್ದು ಅರಮನೆಯಿಂದ. ಚೊಚ್ಚಲ ಹೆರಿಗೆಯೂ ಅಲ್ಲೇ ಆಯಿತು. ಬಾಣಂತನ ಮಾಡಿದವಳು ರಾಜಮಾತೆ. ತೊಟ್ಟಿಲು ತೂಗುತ್ತ ಅವರಿಬ್ಬರೂ ರಾಜಕುಮಾರನ ತುಂಟಾಟಗಳನ್ನು ನೆನೆದು ನಗುತ್ತಿದ್ದರೆ, ವೈದ್ಯನೂ ಪಕ್ಕದಲ್ಲಿ ಕೂತು, "ಆಮೇಲೆ ಏನು ಮಾಡಿದರು?" ಎಂದು ಕೇಳುತ್ತಿದ್ದ.

ಕತೆ ಮುಗಿಯಿತು. ಭೋಗಣ್ಣ, "ಅಂಥ ಅತ್ತೆ ಎಲ್ಲರಿಗೂ ಸಿಗಬೇಕಲ್ಲ, ಗುರುಗಳೇ" ಎಂದ.

"ಧಾರೆ ಎರೆಯಲು ನಿನ್ನ ಅತ್ತಿಗೆಗೆ ಮೈದುನನಿದ್ದಾನಲ್ಲ" ಎಂದರು ಗುರುಗಳು.