ಅರಮನೆಯಲ್ಲಿ ಮಾತ್ರ ನಿಲ್ಲುತ್ತಿದ್ದ ಗಡಿಯಾರ

ಒಂದು ರಾಜ್ಯದಲ್ಲಿ ಕುದುರೆ ಓಟವೆಂದರೆ ಊಟ ಬಿಡುವ ರಾಜನಿದ್ದ. ಓಟ ಅಳೆಯಲು ಅವನ ಹತ್ತಿರ ಒಂದು ಕೈಗಡಿಯಾರವಿತ್ತು. ಗುಂಡಿ ಒತ್ತಿದರೆ ತೆಳ್ಳನೆಯ ಕೆಂಪು ಮುಳ್ಳು ಓಡುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಆ ಮುಳ್ಳು ನಿಲ್ಲುತ್ತಿತ್ತು.

ಒಂದು ದಿನ ಕೆಂಪು ಮುಳ್ಳು ಹೊರಟದ್ದೇ ತಡ, ಇಡೀ ಗಡಿಯಾರವೇ ನಿಂತಿತು. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ನೀಲವ್ವನಿಗೆ ಕರೆ ಹೋಯಿತು.

ನೀಲವ್ವ ಕೂಡಲೇ ಬಿಚ್ಚಲಿಲ್ಲ. ಅಳುವ ಕೂಸಿನ ಹೊಟ್ಟೆ ಹಿಚುಕುವ ಮೊದಲು ಅದು ಯಾವಾಗ ಅಳುತ್ತದೆಂದು ನೋಡಬೇಕಲ್ಲ! ಕೀ ಕೊಟ್ಟಳು, ನಡೆಯಿತು. ಗುಂಡಿ ಒತ್ತಿದಳು, ನಿಂತಿತು. ಮತ್ತೆ ಒತ್ತಿ ಕೆಂಪು ಮುಳ್ಳನ್ನು ಬಿಡಿಸಿದಳು, ನಡೆಯಿತು.

"ಹಾಗಾದರೆ ರೋಗ ಇರುವುದು ಗಡಿಯಾರವೂ ಕೆಂಪು ಮುಳ್ಳೂ ಕೂಡುವ ಜಾಗದಲ್ಲಿ" ಅಂದುಕೊಂಡಳು.

ಮುಚ್ಚಳ ತೆಗೆದರೆ, ಕೆಂಪು ಮುಳ್ಳನ್ನು ಓಡಿಸುವ ಹಲ್ಲುಚಕ್ರ ಪಕ್ಕದ ಚಕ್ರಕ್ಕೆ ಉಸಿರು ಬಿಡದಂತೆ ಒತ್ತಿಕೊಂಡಿತ್ತು. ಅಂತರ ಕಾಯುವ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದಳು. ಗಡಿಯಾರ ಓಡಿತು.

ಅರಮನೆಯ ಗಡಿಯಾರ ಕಾಯುವ ಬಸಲಿಂಗ "ಒರೆಸಿ ಕೊಡ್ತೀನಿ" ಅಂತ ಒಳಗೊಯ್ದ. ರಾಜ ಗುಂಡಿ ಒತ್ತಿದ. ನಿಂತೇಬಿಟ್ಟಿತು!

"ಹೆಣ್ಣಿನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರೆ ಇಷ್ಟೇ ಬುದ್ಧಿ. ಈ ಕೆಲಸ ನನ್ನ ಅಳಿಯನಿಗೆ ಕೊಡಿ" ಎಂದ ಬಸಲಿಂಗ.

ಎರಡನೇ ಸಲವೂ ಹಾಗೇ ಆಯಿತು. ಅದೇ ಸ್ಕ್ರೂವನ್ನು ಅದೇ ಅರ್ಧ ಸುತ್ತು ಸಡಿಲಿಸಿ ಕೊಟ್ಟಳು, ಬಸಲಿಂಗ ಒರೆಸಿ ತಂದಮೇಲೆ ಮತ್ತೆ ನಿಂತಿತು. ರಾಜ ಗುಡುಗಿದ: "ಇನ್ನೊಮ್ಮೆ ನಿಂತರೆ ಅಂಗಡಿ ಮುಚ್ಚಿ ಊರು ಬಿಡು!"

ನೀಲವ್ವನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ನನ್ನ ಮೇಜಿನ ಮೇಲೆ ಓಡುವುದು ಅಲ್ಲೇಕೆ ನಿಲ್ಲುತ್ತದೆ? ಅರಮನೆಯ ಗಾಳಿಯೋ? ರಾಜನ ಒರಟು ಬೆರಳೋ? ಕಣ್ಣಿಗೆ ಮಸೂರ ಇಟ್ಟು ನೋಡಿದಳು. ಸ್ಕ್ರೂವಿನ ತಲೆಯ ಮೇಲೆ ತನ್ನದಲ್ಲದ ಗೀರು!

"ಓಹೋ, ಅರಮನೆಯ ಗಾಳಿಗೆ ಸ್ಕ್ರೂಡ್ರೈವರ್ ಹಿಡಿಯಲೂ ಬರುತ್ತೆ!"

ಈ ಸಲ ಅವಳು ಬೇಕಾದುದಕ್ಕಿಂತ ಅರ್ಧ ಸುತ್ತು ಹೆಚ್ಚೇ ಸಡಿಲಿಸಿದಳು. ಚಕ್ರಗಳು ಒಂದನ್ನೊಂದು ಮುಟ್ಟಲೇ ಇಲ್ಲ. ನೇರ ರಾಣಿಯ ಬಳಿ ಹೋಗಿ, "ಒತ್ತಿ ನೋಡಿ ತಾಯಿ" ಎಂದಳು.

ರಾಣಿ ಒತ್ತಿದಳು. ಕೆಂಪು ಮುಳ್ಳು ಅಲುಗಲಿಲ್ಲ. "ಕೆಟ್ಟೇ ಇದೆಯಲ್ಲೇ!"

"ಹೂಂ ತಾಯಿ. ಬಸಲಿಂಗಣ್ಣ ಸರಿಮಾಡ್ತಾರೆ, ಸುಮ್ಮನೆ ನೋಡ್ತಿರಿ."

ಬಸಲಿಂಗ ಎಂದಿನಂತೆ ಒಳಗೊಯ್ದು ಒರೆಸಿ ತಂದ. ರಾಜ ಗುಂಡಿ ಒತ್ತಿದ. ಕೆಂಪು ಮುಳ್ಳು ಸರಸರನೆ ಓಡಿತು, ಗಡಿಯಾರವೂ ಟಿಕ್ ಟಿಕ್ ಎಂದು ನಡೆಯಿತು.

"ನಿಲ್ಲಬೇಕಿತ್ತಲ್ಲ!" ಬಸಲಿಂಗನ ಬಾಯಿ ಜಾರಿತು.

"ಯಾಕಣ್ಣ ನಿಲ್ಲಬೇಕಿತ್ತು?" ನೀಲವ್ವ ಕೇಳಿದಳು. "ನಾನು ಕೊಟ್ಟಾಗ ಮುಳ್ಳು ಅಲುಗುತ್ತಲೇ ಇರಲಿಲ್ಲ, ರಾಣಿಯವರೇ ನೋಡಿದ್ದಾರೆ. ಪ್ರತಿ ಸಲ ನೀನು ಕದ್ದು ಬಿಗಿಯುತ್ತಿದ್ದ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಯದೆ ಅದು ಓಡದು. ಕೆಡಿಸೋಕೆ ಹೋಗಿ ಚೆನ್ನಾಗಿ ರಿಪೇರಿ ಮಾಡಿದ್ದೀಯ, ಬಿಡು!"

ರಾಜ ಬಸಲಿಂಗನನ್ನು ಕುದುರೆ ಲಾಯದ ಲದ್ದಿ ಬಾಚಲು ಅಟ್ಟಿದ. ನೀಲವ್ವನ ಅಂಗಡಿ ಉಳಿಯಿತು.

ಮಕ್ಕಳೇ, ಇನ್ನೊಬ್ಬರ ಕೆಲಸ ಕೆಡಿಸುವವನು ಒಂದು ದಿನ ತನ್ನ ಕೈಯಿಂದಲೇ ಸಿಕ್ಕಿಬೀಳುತ್ತಾನೆ. ಏನಾದರೂ ಕೆಟ್ಟರೆ ಬೈಯುವ ಮೊದಲು ಏಕೆ ಕೆಟ್ಟಿತೆಂದು ಕೇಳಿ.